ಕೆಸುವಿನ ಪಾತಿಯ ಬಾಣಂತಿ

ಯಾಯೆರಿಯ ನೆಂಟರು ನನ್ನ ನೆಂಟರನ್ನು ತಿನ್ನುತ್ತಾರೆ. ನಮ್ಮಿಬ್ಬರ ನಡುವಿನ ಹಳೆಯ ಜಗಳ ಇದು. ಅವಳು ಕೊಕ್ಕರೆ ಬೆಡಗಿನವಳು, ನಾನು ಮಿಡತೆ ಬೆಡಗಿನವಳು. ನಮ್ಮ ಬುಗಾಂಡ ಸೀಮೆಯಲ್ಲಿ ಯಾರ ಬೆಡಗು ಯಾವುದೋ ಆ ಜೀವ ಅವರಿಗೆ ಒಡಹುಟ್ಟು. ಕೊಲ್ಲುವ ಹಾಗಿಲ್ಲ, ತಿನ್ನುವ ಹಾಗಿಲ್ಲ. ನವೆಂಬರ್ ಮಳೆಗೆ ಮಿಡತೆ ಇಳಿದರೆ ಊರಿಗೆ ಊರೇ ಹುರಿದು ಮುಕ್ಕುತ್ತದೆ. ನಾನು ಮಾತ್ರ ರಸ್ತೆ ಬದಿಯಲ್ಲಿ ಮರಗೆಣಸು ಕರಿಯುತ್ತಾ ಆ ಕಡೆಯಿಂದ ಮುಖ ತಿರುಗಿಸಿಕೊಂಡು ಕೂರುತ್ತೇನೆ. ಯಾಯೆರಿಯ ಕೊಕ್ಕರೆಗಳಿಗೆ ಅಂಥ ಕಟ್ಟುಪಾಡೇನೂ ಇಲ್ಲ.

"ಏನೇ ಯಾಯೆರಿ, ನಿನ್ನ ತಮ್ಮ ಬೆಳಗ್ಗೆ ಬೆಳಗ್ಗೆನೇ ಗದ್ದೇಲಿ ನಿಂತು ನಮ್ಮನೆಯವರನ್ನೆಲ್ಲ ನುಂಗ್ತಾ ಇದ್ದ. ಹೊಟ್ಟೆ ಅನ್ನೋದು ಹೊಟ್ಟೆನೋ ಹರವಿನೋ?"

"ನಿಮ್ಮನೆಯವರಿಗೆ ಎರಡು ಜೊತೆ ರೆಕ್ಕೆ ಕೊಟ್ಟಿದಾನೆ ದೇವರು. ಹಾರಿ ತಪ್ಪಿಸ್ಕೊಳ್ಳೋ ಬುದ್ಧಿ ಇಲ್ಲದಿದ್ರೆ ನಮ್ಮೋರು ಏನು ಮಾಡ್ತಾರೆ? ನಿಮ್ಮ ಬೆಡಗೇ ಹಾಗೆ, ಬಾಯಿ ಮಾತ್ರ."

ಹೀಗೆ ಶುರುವಾದರೆ ಬಾಣಲೆಯ ಎಣ್ಣೆ ಆರುವವರೆಗೂ ನಡೆಯುತ್ತಿತ್ತು.

ಯಾಯೆರಿಯನ್ನು ಊರಿನಲ್ಲಿ ಎಲ್ಲರೂ ಕರೆಯುವುದು ಸೆಂಗಾ ಎಂದು. ಸೆಂಗಾ ಎಂದರೆ ಸೋದರತ್ತೆ. ಬರೀ ಸಂಬಂಧವಲ್ಲ, ಅದೊಂದು ಹೊಣೆ. ಅಣ್ಣತಮ್ಮಂದಿರ ಹೆಣ್ಣುಮಕ್ಕಳಿಗೆ ಸಂಸಾರದ ಪಾಠ ಹೇಳಿ, ಹೆಣ್ಣಿನ ಮನೆಯವರ ಮುಂದೆ ಹುಡುಗನನ್ನು ತಂದು ನಿಲ್ಲಿಸಿ, ಮದುವೆ ದಾಟಿಸಬೇಕಾದವಳು ಅವಳು. ಆಮೇಲೆ ಆ ಸಂಸಾರದಲ್ಲಿ ಬಿರುಕು ಬಿಟ್ಟರೆ ಊರು ಮೊದಲು ಕೇಳುವ ಪ್ರಶ್ನೆ, "ಯಾರೇ ಇವಳ ಸೆಂಗಾ?" ಯಾಯೆರಿ ತನ್ನ ತಮ್ಮಂದಿರ, ದಾಯಾದಿಗಳ ಎಷ್ಟೋ ಹೆಣ್ಣುಮಕ್ಕಳನ್ನು ಹೀಗೆ ದಾಟಿಸಿದವಳು. ಅವಳ ಕೈಯಲ್ಲಿ ಕಲಿತ ಹುಡುಗಿ ಎಂದರೆ ಗಂಡಿನವರು ಎರಡನೆಯ ಮಾತಾಡುತ್ತಿರಲಿಲ್ಲ.

ಜೌಗಿನ ಅಂಚಿನಲ್ಲಿ, ತಮ್ಮನಿಗೆ ಸೇರಿದ ತುಂಡು ನೆಲದಲ್ಲಿ ಅವಳ ಮನೆ. ಅಂಗಳದಲ್ಲಿ ಚಾಪೆ ಹಾಸಿ ಹುಡುಗಿಯನ್ನು ಕೂರಿಸಿಕೊಂಡು, ಮಟೋಕೆ ಬಾಳೆಕಾಯನ್ನು ಎಲೆಯಲ್ಲಿ ಕಟ್ಟಿ ತಳ ಹತ್ತದಂತೆ ಬೇಯಿಸುವುದರಿಂದ ಹಿಡಿದು ನನಗೂ ಕೇಳಲು ನಾಚಿಕೆಯಾಗುವ ಸಂಗತಿಗಳವರೆಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಕೊನೆಯ ಪಾಠ ಮಾತ್ರ ಎಲ್ಲರಿಗೂ ಒಂದೇ. ಅದನ್ನು ಹೇಳುವಾಗ ದನಿ ಇಳಿಯುತ್ತಿತ್ತು.

"ಗಂಡ ಹೊತ್ತು ಮಾಡಿ ಮನೆಗೆ ಬಂದ ಅಂದ್ಕೋ. ಹೊಸಿಲಲ್ಲಿ ನಿಂತು ಎಲ್ಲಿಗೆ ಹೋಗಿದ್ದೆ ಅಂತ ಕೇಳ್ಬೇಡ. ನೀರು ಕೊಡು, ಊಟ ಬಡಿಸು, ಸುಮ್ನಿರು. ಹೇಳೋದಿದ್ರೆ ಅವನೇ ಹೇಳ್ತಾನೆ."

ಇದು ಅವಳಿಗೆ ಅವಳ ಸೆಂಗಾ ಹೇಳಿಕೊಟ್ಟದ್ದು. ಅವಳು ಹಾಗೆಯೇ ನಡೆದುಕೊಂಡವಳು. ಮಿತ್ಯಾನ ಕಡೆಯ ಎರಿಫಾಜಿ ಎಂಬ ಬಡಗಿಗೆ ಅವಳನ್ನು ಕೊಟ್ಟಿದ್ದರು. ಅವನು ಹೊತ್ತು ಮಾಡಿ ಬರಲು ಶುರು ಮಾಡಿದ. ಇವಳು ನೀರು ಕೊಟ್ಟಳು, ಊಟ ಬಡಿಸಿದಳು, ಸುಮ್ಮನಿದ್ದಳು. ಒಂದು ದಿನ ಅವನ ಜೊತೆ ಇನ್ನೊಬ್ಬಳ ಬಟ್ಟೆಗಂಟು ಬಂತು. ಇವಳು ತನ್ನ ಚಾಪೆ ಸುತ್ತಿಕೊಂಡು ತವರಿಗೆ ನಡೆದುಬಂದಳು. ಈ ಕಥೆಯನ್ನು ಅವಳು ಯಾರಿಗೂ ಹೇಳುವುದಿಲ್ಲ, ಊರಿಗೆಲ್ಲ ಗೊತ್ತು. ಮಕ್ಕಳಿರಲಿಲ್ಲ. ತಮ್ಮ ತೀರಿಕೊಂಡ ಮೇಲೆ ಅವನ ಮಗಳು ಜೊವಿಯಾಳನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಎತ್ತಿ ಆಡಿಸಿದವಳು ಇವಳೇ. ಹುಡುಗಿ ಮದುವೆಯಾಗಿ ಹೋಗುವವರೆಗೂ ಸೆಂಗಾಳ ಚಾಪೆಯಲ್ಲೇ ಮಲಗುತ್ತಿದ್ದಳು. ಅವಳನ್ನು ಕಳಿಸಿಕೊಟ್ಟ ದಿನ ಯಾಯೆರಿ ನನ್ನ ಅಂಗಡಿಗೆ ಬಂದು, ಕರಿದ ಮರಗೆಣಸು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ಎಣ್ಣೆ ಹೊಗೆ ಕಣ್ಣಿಗೆ ಹೋಯಿತು ಎಂದು ನನ್ನನ್ನೇ ಬೈದಳು.

ಇನ್ನು ಆ ವರ್ಷದ ಮಾತು.

ಮಳೆ ಹಿಡಿದ ಹೊತ್ತಿನಲ್ಲಿ ಒಂದು ಜೋಡಿ ಕಿರೀಟದ ಕೊಕ್ಕರೆ ಅವಳ ಕೆಸುವಿನ ಪಾತಿಗೆ ಇಳಿಯಿತು. ಚೆಂದ ಎಂದರೆ ಚೆಂದ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಬಾರದು. ನಿಂತರೆ ಸಣ್ಣ ಹುಡುಗರ ಎತ್ತರ. ಮೈಯೆಲ್ಲ ಬೂದು, ಕುತ್ತಿಗೆಯಿಂದ ಎದೆಗೆ ಇಳಿಬಿದ್ದ ಗರಿಗಳು ಇನ್ನಷ್ಟು ತಿಳಿ ಬೂದು. ರೆಕ್ಕೆ ಬಿಚ್ಚಿದರೆ ಬಿಳಿ, ಅದರಂಚಿಗೆ ಕಂದು, ನಡುವೆ ಹೊನ್ನಿನ ಬಣ್ಣ. ಹಣೆ ಮಖಮಲ್ಲಿನಂಥ ಕಪ್ಪು. ಕೆನ್ನೆ ಬಿಳಿ, ಅದರ ಮೇಲ್ತುದಿಗೆ ಕೆಂಪು, ಗಲ್ಲದ ಕೆಳಗೆ ಜೋಲುವ ಕೆಂಪು ತೊಗಲು, ಮಂಜು ಬಿದ್ದಂಥ ತಿಳಿನೀಲಿ ಕಣ್ಣು. ಎಲ್ಲಕ್ಕೂ ಮೇಲೆ, ತಲೆಯ ಹಿಂಬದಿಗೆ ಹೊಂಬಣ್ಣದ ಒರಟು ಕಡ್ಡಿಗಳ ಕಿರೀಟ, ಹೊಸ ಕಸಬರಿಕೆ ಬಿಚ್ಚಿ ನಿಲ್ಲಿಸಿದ ಹಾಗೆ. ಗಂಡು ಹೆಣ್ಣು ನೋಡಲು ಒಂದೇ ತರಹ. ಯಾಯೆರಿ ಮಾತ್ರ ನಡಿಗೆಯಲ್ಲೇ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಯಾರು ಹೋಗಿ ಪರೀಕ್ಷೆ ಮಾಡಬೇಕು?

ಮೊದಲು ಅವೆರಡೂ ಎದುರುಬದುರು ನಿಂತು ತಲೆ ಬಾಗಿಸಿ, ಎಗರಿ, ಹುಲ್ಲಿನ ಎಸಳು ಕಿತ್ತು ಗಾಳಿಗೆ ತೂರಿ ಕುಣಿದವು. ಕುಣಿತ ಮುಗಿದ ಮೇಲೆ ಕೆಲಸ. ಜೊಂಡು ಕಿತ್ತವು, ಹುಲ್ಲು ಕಿತ್ತವು, ನಡುವೆ ಬಂದ ಕೆಸುವಿನ ದಂಟನ್ನೂ ಬಿಡದೆ ಕಿತ್ತವು. ಎಲ್ಲವನ್ನೂ ನೀರ ಮೇಲೆ ಒಟ್ಟಿ ತುಳಿದು ತುಳಿದು ಮೊರದಗಲದ ಹಾಸಿಗೆ ಮಾಡಿಕೊಂಡವು. ಸುತ್ತಲಿನ ಹುಲ್ಲನ್ನೂ ಬಳೆಯ ಹಾಗೆ ತುಳಿದು ಮಲಗಿಸಿದವು. ಗೆಡ್ಡೆ ಕೀಳುವ ಕಾಲಕ್ಕೆ ಸರಿಯಾಗಿ ಅಲ್ಲಿ ಮೂರು ಮೊಟ್ಟೆ ಬಂದಿದ್ದವು, ತಿಳಿನೀಲಿ ಬಣ್ಣದವು, ಕೆಸರು ಹತ್ತಿದವು.

ಯಾಯೆರಿ ಗುದ್ದಲಿಯನ್ನು ಮಾಡಿಗೆ ಸಿಕ್ಕಿಸಿದಳು.

"ನಿಂಗೆ ತಲೆಗಿಲೆ ಕೆಟ್ಟಿದ್ಯಾ? ಗೆಡ್ಡೆ ನೀರಲ್ಲೇ ಕೊಳೀತದೆ ಕಣೆ," ಎಂದೆ.

"ನೋಡು ಪೆರುಸಿ, ಹೆರಿಗೆಗೆ ತವರಿಗೆ ಬಂದಿದಾಳೆ ಅವಳು. ಅವಳ ಮಂಚ ಎಳೆದುಹಾಕಿ ಗೆಡ್ಡೆ ಕೀಳ್ಲಾ? ನಿಮ್ಮನೆ ಕೆಸು ಒಂದೆರಡು ಕೊಡು, ಸಾಕು."

ಆ ಹಂಗಾಮು ಪೂರ್ತಿ ನನ್ನ ಕೆಸುವನ್ನೇ ತಿಂದಳು. ಉಪ್ಪು ಕಡಿಮೆ ಎಂದು ಹೆಸರಿಡುವುದನ್ನೂ ಬಿಡಲಿಲ್ಲ.

ಅಂಗಳದ ಚಾಪೆಯಲ್ಲಿ ಕೂತು ನಾವಿಬ್ಬರೂ ಆ ಬಾಣಂತನ ನೋಡುತ್ತಿದ್ದೆವು. ಕಾವಿಗೆ ಕೂರುವುದು ಇಬ್ಬರದೂ ಸರದಿ. ಒಂದು ಕೂತರೆ ಇನ್ನೊಂದು ಹುತ್ತದ ಮೇಲೆ ನಿಂತು ಕಾಯುತ್ತದೆ, ಇಲ್ಲವೇ ಮೇವಿಗೆ ಹೋಗುತ್ತದೆ. ಯಾರಾದರೂ ಹತ್ತಿರ ಬಂದರೋ, ಕೂತ ಹಕ್ಕಿ ಗಾಬರಿಯಿಂದ ಎದ್ದು ಹಾರುವುದಿಲ್ಲ. ಕುತ್ತಿಗೆ ತಗ್ಗಿಸಿ ಜೊಂಡಿನೊಳಗೆ ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ತಲೆ ಎತ್ತಿ, ತನಗೂ ಈ ಪಾತಿಗೂ ಸಂಬಂಧವೇ ಇಲ್ಲವೆನ್ನುವಂತೆ ಮಿಡತೆ ಹೆಕ್ಕುತ್ತಾ ಅಡ್ಡಾಡುತ್ತದೆ. ನೀವು ಅಲ್ಲಿಂದ ಕಾಲ್ತೆಗೆಯುವವರೆಗೂ ಗೂಡಿಗೆ ಮರಳುವುದಿಲ್ಲ.

ಜೊವಿಯಾ ಚೊಚ್ಚಲ ಹೆತ್ತಿದ್ದೂ ಆ ದಿನಗಳಲ್ಲೇ. ಅವಳ ಮನೆ ಜೌಗಿನ ಆಚೆ ದಡದಲ್ಲಿ, ರಸ್ತೆ ತಿರುಗುವಲ್ಲಿರುವ ಮಾವಿನ ಮರದಿಂದ ಒಂದು ಕೂಗಿನ ದೂರ. ಗಂಡ ಗೊನ್ಜಾಗಾ ಬಾಡಿಗೆ ಬೈಕು ಓಡಿಸುವವನು, ಮಸಾಕ ಪೇಟೆಗೂ ನಮ್ಮೂರಿಗೂ ಜನರನ್ನು ಕೂರಿಸಿಕೊಂಡು ತಿರುಗುವವನು. ಮಾತು ಕಡಿಮೆ, ಹಲ್ಲು ದೊಡ್ಡದು, ಕೆಟ್ಟ ಹುಡುಗನಲ್ಲ. ಮಗು ಹುಟ್ಟಿ ಸ್ವಲ್ಪ ದಿನಕ್ಕೇ ಅವನು ಸಂಜೆ ಮನೆಗೆ ಬರುವುದನ್ನು ಬಿಟ್ಟ. ಕತ್ತಲಾಗಿ, ಬಡಿಸಿಟ್ಟ ಊಟ ಆರಿದ ಮೇಲೆ ಬರುತ್ತಿದ್ದ. ಊರಿಗೆ ಇಷ್ಟು ಸಾಕಲ್ಲ. ಅದೂ ಅಲ್ಲದೆ ಅವನ ಬೈಕು ಮಳೆಗಾಲದ ಕೆಸರಿನಲ್ಲೂ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಯಾರಿಗೋಸ್ಕರ ಅಷ್ಟು ಉಜ್ಜುತ್ತಾನೆ ಎಂದು ನನ್ನ ಅಂಗಡಿ ಮುಂದೆ ನಿಂತವರೆಲ್ಲ ಕೇಳುವವರೇ.

ಜೊವಿಯಾ ಅವನನ್ನು ಏನೂ ಕೇಳಲಿಲ್ಲ. ನೀರು ಕೊಟ್ಟಳು, ಊಟ ಬಡಿಸಿದಳು, ಸುಮ್ಮನಿದ್ದಳು.

ಅವಳ ತಾಯಿ ಎಫುಲಾನ್ಸಿಯ ಹೊಟ್ಟೆಗೆ ಮಾತ್ರ ಬೆಂಕಿ ಬಿತ್ತು. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ ನಮ್ಮಲ್ಲಿ. ಎದುರಾದರೆ ಮುಖ ಮುಚ್ಚಿಕೊಂಡು ಓಡಬೇಕು. ತಪ್ಪಿದರೆ ಕೈಕಾಲಿಗೆ ನಡುಕದ ರೋಗ ಬರುತ್ತದೆ. ಹಾಗಾಗಿ ಎಫುಲಾನ್ಸಿ ಅವನು ಬೈಕು ಹತ್ತಿ ಹೋದ ಮೇಲೆ, ಮಧ್ಯಾಹ್ನ ಕಳೆದು, ತನ್ನ ಕೆಂಪು ಕೊಡೆ ಬಿಡಿಸಿಕೊಂಡು ಗಂಜಿಯ ಪಾತ್ರೆ ಹಿಡಿದು ಮಗಳ ಮನೆಗೆ ಹೋಗುತ್ತಿದ್ದಳು. ಸಂಜೆಗೆ ಹೊರಟುಬಿಡೋಣ ಎಂದುಕೊಳ್ಳುವಳು. ಅಳಿಯ ಬರುವುದಿಲ್ಲ. ಹಸಿ ಬಾಣಂತಿಯನ್ನು ಎಳೆಗೂಸಿನ ಜೊತೆ ಒಬ್ಬಳನ್ನೇ ಬಿಟ್ಟು ಬರಲು ಜೀವ ಕೇಳದೆ ದೀಪ ಹಚ್ಚುವವರೆಗೂ ಕೂರುವಳು.

ಕೊನೆಗೊಂದು ದಿನ ಅವಳು ಪೇಟೆಯ ಮದ್ದಿನವನ ಹತ್ತಿರ ಹೋಗಿ ಬಂದಳು. ಬಂದವಳು ಸೀದಾ ಯಾಯೆರಿಯ ಅಂಗಳಕ್ಕೆ, ಮಗಳನ್ನೂ ಮೊಮ್ಮಗುವನ್ನೂ ಜೊತೆಗೆ ಕರೆದುಕೊಂಡು. ನಾನು ಕೆಸು ಕೊಡಲು ಬಂದವಳು ಅಲ್ಲೇ ಇದ್ದೆ. ಗಂಡನ ಅಕ್ಕನ ಮುಂದೆ ಮಂಡಿಯೂರಿ ಕೂತು ಎಫುಲಾನ್ಸಿ ಹೇಳಿದಳು.

"ಅತ್ತಿಗೆ, ಒಂದೇ ಒಂದು ಮೊಟ್ಟೆ. ಹೊಸಿಲ ಕೆಳಗೆ ಹೂಳಬೇಕಂತೆ. ಕೊಕ್ಕರೆ ಗಂಡು ಹೆಂಡ್ತೀನ ಬಿಟ್ಟು ಹೋಗಲ್ವಲ್ಲ, ಹಾಗೇ ಅಳಿಯಂದಿರೂ ನಿಲ್ತಾರಂತೆ."

ಯಾಯೆರಿ ಮಗುವನ್ನು ಮುದ್ದಾಡುತ್ತಿದ್ದವಳು ತಲೆ ಎತ್ತಿದಳು. "ನಿನ್ನ ಮಗಳ ಬೆಡಗು ಯಾವುದು ಅಂತ ಮರ್ತೆಯಾ? ಅವಳ ಒಡಹುಟ್ಟಿದವರ ಮಗೂನ ಅವಳ ಹೊಸಿಲ ಕೆಳಗೇ ಹೂಳ್ತೀಯಾ?"

"ಅವಳು ಮುಟ್ಟಲ್ಲ, ನೀವು ಮುಟ್ಟಬೇಡಿ. ನಾನು ತೆಗೀತೀನಿ, ನಾನೇ ಹೂಳ್ತೀನಿ. ನಾನು ಚಿರತೆ ಬೆಡಗಿನವಳು, ನಂಗೇನು ದೋಷ?"

"ಹಾಗಾದ್ರೆ ಹೋಗಿ ಚಿರತೆ ಮೊಟ್ಟೆ ಹುಡುಕ್ಕೋ."

ನಾನು ನಕ್ಕುಬಿಟ್ಟೆ. ಎಫುಲಾನ್ಸಿ ನಗಲಿಲ್ಲ. "ನಗಿ. ನಿಮಗೇನು, ನಿಮ್ಮ ಹಕ್ಕಿ ಗೂಡು ಉಳಿದ್ರೆ ಸಾಕು. ನನ್ನ ಮಗಳ ಗೂಡು? ಅಲ್ಲಿ ನೋಡಿ, ಆ ಹಕ್ಕಿ ಮೊಟ್ಟೆ ಬಿಟ್ಟು ಹೋಗೇಬಿಟ್ಟಿದೆ. ಬಿಟ್ಟು ಹೋದದ್ದನ್ನ ತಗೊಂಡ್ರೆ ಯಾರಿಗೆ ನಷ್ಟ?"

ನಿಜ, ನಮ್ಮ ಗದ್ದಲಕ್ಕೆ ಹಕ್ಕಿ ಜಾರಿಕೊಂಡಿತ್ತು. "ಬಿಟ್ಟು ಹೋಗಿಲ್ಲ. ನೀನಿದೀಯ ಅಂತ ಆಚೆ ನಿಂತಿದೆ," ಎಂದಳು ಯಾಯೆರಿ. ಆಮೇಲೆ ಜೊವಿಯಾಳ ಕಡೆ ತಿರುಗಿದಳು. "ನೀನು ಹೇಳೇ ಮಗಳೇ. ನಿಂಗೂ ಮೊಟ್ಟೆ ಬೇಕಾ?"

ಜೊವಿಯಾ ಮಗುವಿನ ಬಟ್ಟೆಯ ಅಂಚನ್ನು ಸುತ್ತುತ್ತಾ ಕೂತಿದ್ದಳು. "ನಂಗೆ ಮೊಟ್ಟೆ ಯಾಕೆ ಸೆಂಗಾ? ನಂಗೆ ಅವನು ಬೇಕು. ಬೇಡದವಳಾದ್ರೆ ಹೇಳ್ಲಿ, ಮಗೂನ ಎತ್ಕೊಂಡು ನಿಮ್ಮ ಚಾಪೆಗೇ ಬಂದ್ಬಿಡ್ತೀನಿ."

ಯಾಯೆರಿ ಮಗುವನ್ನು ಎದೆಗೆ ಒತ್ತಿಕೊಂಡದ್ದನ್ನು ನಾನು ನೋಡಿದೆ. ಚಾಪೆ ಸುತ್ತಿಕೊಂಡು ತವರಿಗೆ ಬರುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈಯಾರೆ ಬೆಳೆಸಿದ ಹುಡುಗಿ, ತಾನೇ ಪಾಠ ಹೇಳಿ ಕಳಿಸಿದ ಹುಡುಗಿ, ತನ್ನ ದಾರಿಯನ್ನೇ ಹಿಡಿದು ಬರುತ್ತಿದ್ದಾಳೆ. ಆ ಕ್ಷಣ ಅವಳು ಮೊಟ್ಟೆ ತಗೊಳ್ಳಿ ಎಂದುಬಿಡುತ್ತಾಳೆಂದು ನನಗೆ ನಿಜಕ್ಕೂ ಅನಿಸಿತು.

"ನಾಳೆ ಬೆಳಗ್ಗೆ ಬರ್ತೀನಿ ಅತ್ತಿಗೆ," ಎಂದು ಎಫುಲಾನ್ಸಿ ಎದ್ದಳು. "ಬುಟ್ಟಿ ತರ್ತೀನಿ. ನೀವು ನನ್ನ ಹೇಗೆ ತಡೀತೀರೋ ನೋಡ್ತೀನಿ. ನಾನೂ ಹೆತ್ತವಳು."

ಅವರು ಹೋದ ಮೇಲೆ ಯಾಯೆರಿ ಪಾತಿಯ ಕಡೆಗೂ ಕಾಲುದಾರಿಯ ಕಡೆಗೂ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಗೊನ್ಜಾಗಾ ದಿನಾ ನಿನ್ನ ಅಂಗಡಿ ಮುಂದೇನೇ ಹೋಗ್ತಾನಲ್ಲ?"

"ಹ್ಞೂಂ. ಹೊಳೀತಾ ಹೋಗ್ತಾನೆ."

"ನಾಳೆ ಬೆಳಗಾಗ್ತಿದ್ದ ಹಾಗೆ ಜೊಂಡು ಕೊಯ್ದು ಕೊಡೋಕೆ ಬರಬೇಕಂತೆ, ಸೆಂಗಾ ಕರೆದ್ಲು ಅಂತ ಹೇಳು. ಪಾತಿಗೆ ಹೋಗೋ ಕಾಲುದಾರಿ ಇದೆಯಲ್ಲ, ಅಲ್ಲೇ ಕೊಯ್ಬೇಕು ಅನ್ನು."

ನನಗೆ ತಟ್ಟನೆ ಹೊಳೆಯಿತು. ಪಾತಿಗೆ ಇರುವುದು ಒಂದೇ ಒಣ ದಾರಿ, ಎರಡೂ ಕಡೆ ಕೆಸರು. ಆ ದಾರಿಯಲ್ಲಿ ಅಳಿಯನನ್ನು ನಿಲ್ಲಿಸಿಬಿಟ್ಟರೆ ಅತ್ತೆ ಹಾಯುವ ಮಾತೇ ಇಲ್ಲ. ಮುಳ್ಳಿನ ಬೇಲಿಯನ್ನಾದರೂ ಎಫುಲಾನ್ಸಿ ಹಾರಿಯಾಳು, ಈ ಬೇಲಿಯನ್ನು ಹಾರಲಾರಳು. ಯಾಯೆರಿಯ ಬೆನ್ನಿಗೆ ಒಂದು ಗುದ್ದು ಕೊಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಾ ಮನೆಗೆ ಬಂದೆ.

ಹೆಂಡತಿಯ ಸೆಂಗಾ ಕರೆದರೆ ಬರುವುದಿಲ್ಲ ಎನ್ನುವ ಗಂಡಸು ನಮ್ಮಲ್ಲಿ ಹುಟ್ಟಿಲ್ಲ. ಬೆಳಗ್ಗೆ ಗೊನ್ಜಾಗಾ ಬಂದ. ಬೈಕನ್ನು ದಾರಿಯ ಬಾಯಲ್ಲಿ ನಿಲ್ಲಿಸಿ, ಕತ್ತಿ ಹಿಡಿದು ಜೊಂಡಿಗಿಳಿದ. ಸಣ್ಣಗೆ ಹನಿಯುತ್ತಿತ್ತು. ನಾನು ಚಹದ ನೆಪ ಮಾಡಿಕೊಂಡು ದಾರಿಯ ನಡುವೆಯೇ ನಿಂತೆ. ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ಒಳ್ಳೆಯವಳಲ್ಲ ನಾನು.

ಎಫುಲಾನ್ಸಿ ಕೆಂಪು ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿದು, ಬುಟ್ಟಿಯಲ್ಲಿ ಹತ್ತಿ ಹಾಸಿಕೊಂಡು, ನೆಲ ನೋಡುತ್ತಾ ದಾಪುಗಾಲು ಹಾಕಿ ಬಂದಳು. ಕೊಡೆಯ ಅಂಚಿನ ಕೆಳಗೆ ಹೊಳೆಯುವ ಚಕ್ರ ಕಂಡಿರಬೇಕು. ತಲೆ ಎತ್ತಿದಳು. ಅದೇ ಹೊತ್ತಿಗೆ ಗೊನ್ಜಾಗಾ ಜೊಂಡಿನ ಹೊರೆ ಹೊತ್ತು ಈ ಕಡೆ ತಿರುಗಿದ.

ಅಂಥ ಕಿರುಚಾಟವನ್ನು ನಾನು ಹೆರಿಗೆ ಮನೆಯಲ್ಲೂ ಕೇಳಿಲ್ಲ. ಕೊಡೆ ಒಂದು ಕಡೆ ಹೋಯಿತು, ಬುಟ್ಟಿ ಒಂದು ಕಡೆ. ಎಫುಲಾನ್ಸಿ ಗೊಮೆಸಿ ನಿಲುವಂಗಿಯ ನಡುಕಟ್ಟಿನ ಸೆರಗನ್ನು ತಲೆಯ ಮೇಲೆಳೆದುಕೊಂಡು ಎಡಗಡೆಯ ಜೊಂಡಿಗೆ ಹಾರಿ ಮಂಡಿವರೆಗೂ ಹೂತುಹೋದಳು. ಗೊನ್ಜಾಗಾ ಹೊರೆ ಬಿಸಾಕಿ ಬಲಗಡೆ ಬೋರಲು ಬಿದ್ದು, ಮುಖವನ್ನು ಹುಲ್ಲಿಗೆ ಒತ್ತಿಕೊಂಡ. ನಡುವೆ ನಾನು, ಚಹದ ಕೆಟಲು ಹಿಡಿದುಕೊಂಡು.

"ಪೆರುಸೀ, ಅವರಿಗೆ ಹೇಳೇ, ನಾನು ನೋಡ್ಲಿಲ್ಲ ಅಂತ!" ಜೊಂಡಿನೊಳಗಿನಿಂದ ದನಿ ಬಂತು.

"ದೊಡ್ಡಮ್ಮ, ಅತ್ತೆಯವರಿಗೆ ಹೇಳಿ, ನಾನೂ ನೋಡ್ಲಿಲ್ಲ ಅಂತ." ಹುಲ್ಲಿನೊಳಗಿನಿಂದ.

"ಅವರು ನೋಡ್ಲಿಲ್ಲವಂತೆ, ಇವರೂ ನೋಡ್ಲಿಲ್ಲವಂತೆ," ಎಂದೆ. "ನೋಡ್ದೇ ಇರೋರಿಗೆ ಇಷ್ಟು ಗಂಟಲು ಯಾಕೆ ಬೇಕಪ್ಪಾ?"

ಎಫುಲಾನ್ಸಿ ಕೆಸರಿನಿಂದ ಎದ್ದು ಬರಬೇಕಾದರೆ ಅವನು ಅಲ್ಲಿಂದ ಹೋಗಬೇಕು. ಅವನು ಹೋಗಬೇಕಾದರೆ ಅವಳ ಮುಂದೆಯೇ ಹಾಯಬೇಕು. ಇಬ್ಬರೂ ಇದ್ದಲ್ಲೇ ಇದ್ದ ಹಾಗೆ ಯಾಯೆರಿ ಕೋಲೂರಿಕೊಂಡು ಬಂದಳು. ಪಾತಿಯ ಕಡೆ ಒಮ್ಮೆ ನೋಡಿ, ಬುಟ್ಟಿಯನ್ನು ಕಾಲಿಂದ ಆಚೆ ತಳ್ಳಿ, ದಾರಿಯಂಚಿನ ಕಲ್ಲಿನ ಮೇಲೆ ಕೂತಳು. ಬೇಲಿ ಕೆಲಸ ಮಾಡಿದ್ದಕ್ಕೆ ಗೆಲುವಿನ ನಗೆ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

ಕೆಸರಲ್ಲಿ ನಿಂತ ಎಫುಲಾನ್ಸಿಗೆ ಅವಮಾನ ತಿರುಗಿ ಸಿಟ್ಟಾಯಿತು. "ಪೆರುಸಿ, ನಾನು ಇಷ್ಟು ಕೆಸರು ತುಳಿದಿದೀನಿ, ಇನ್ನೂ ತುಳೀತೀನಿ. ಕೇಳೇ ಅವರನ್ನ, ಸಂಜೆ ಹೊತ್ತು ಎಲ್ಲಿಗೆ ಹೋಗ್ತಾರೆ ಅಂತ! ಹಸಿ ಬಾಣಂತಿ ಬಾಗಿಲು ನೋಡ್ಕೊಂಡು ಕೂತಿರ್ತಾಳೆ, ಯಾವಳ ಮನೇಲಿರ್ತಾರೆ ಕೇಳು!"

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರಾದರೂ ಕೇಳಿದ್ದು ಅದೇ ಮೊದಲು. ನನ್ನ ಅಂಗಡಿ ಮುಂದೆ ಎಲ್ಲರೂ ಎಲ್ಲರನ್ನೂ ಕೇಳಿದ್ದರು, ಅವನೊಬ್ಬನನ್ನು ಬಿಟ್ಟು.

"ಕೇಳಿಸ್ತೇನೋ ಗೊನ್ಜಾಗಾ?" ಎಂದೆ.

ಅವನು ಮುಖ ಎತ್ತಲಿಲ್ಲ. ಹುಲ್ಲಿನ ಸಂದಿಯಿಂದ ದಾರಿಯಲ್ಲಿ ಬಿದ್ದಿದ್ದ ಕೊಡೆ ಕಾಣುತ್ತಿತ್ತೇನೋ. "ದೊಡ್ಡಮ್ಮ, ಆ ಕೆಂಪು ಕೊಡೆ ಇದೆಯಲ್ಲ, ಅದು ದಿನಾ ಸಂಜೆ ನಮ್ಮನೆ ಬಾಗಿಲಿಗೆ ಒರಗಿರುತ್ತೆ. ಮಾವಿನ ಮರದ ತಿರುವಿಗೆ ಬಂದ್ರೆ ಕಾಣುತ್ತೆ. ಕೊಡೆ ಇದ್ರೆ ಅತ್ತೆಯವರು ಒಳಗಿದಾರೆ ಅಂತ. ನಾನು ಹೇಗೆ ಹೋಗ್ಲಿ?"

ನಾನು ದಾರಿಯಲ್ಲಿ ಬಿದ್ದಿದ್ದ ಕೊಡೆಯ ಕಡೆ ನೋಡಿದೆ.

"ಮತ್ತೆ ಕತ್ತಲಾಗೋವರೆಗೂ ಎಲ್ಲಿರ್ತೀಯೋ?"

"ಮರದ ಕೆಳಗೇ. ಕೊಡೆ ಹೊರಡೋದನ್ನ ಕಾಯ್ತಾ. ಸುಮ್ನೆ ಕೂರೋಕೆ ಬೇಜಾರು ಅಂತ ಬೈಕ್ ಒರೆಸ್ತೀನಿ."

ಊರೆಲ್ಲ ಆಡಿಕೊಂಡ ಆ ಹೊಳೆಯುವ ಬೈಕು! ನನಗೆ ನಗು ಬಂತು, ಅಳುವೂ ಬಂತು, ಕೆಟಲು ಕೆಳಗಿಟ್ಟೆ. "ಹೆಂಡ್ತಿಗೆ ಒಂದು ಮಾತು ಹೇಳೋದಲ್ವೇನೋ ಮುಟ್ಟಾಳ?"

"ಏನಂತ ಹೇಳ್ಲಿ? ನಿಮ್ಮಮ್ಮನ್ನ ಕಳಿಸು ಅಂತಲಾ? ಆಡೋ ಮಾತಾ ಅದು? ಮಗೂಗೆ ಅಜ್ಜಿ ಬೇಡ್ವಾ?" ಕೈಗೆ ಸಿಕ್ಕ ಹುಲ್ಲು ಕೀಳುತ್ತಾ ಹೇಳಿದ. "ಅವಳೂ ಕೇಳ್ಲಿಲ್ಲ. ಒಂದೇ ಒಂದು ದಿನ, ಎಲ್ಲಿದ್ದೆ ಅಂತ ಕೇಳಿದ್ರೆ ಸಾಕಿತ್ತು. ಹೇಳ್ಬಿಡ್ತಿದ್ದೆ. ನೀರು ಕೊಡ್ತಾಳೆ, ಊಟ ಬಡಿಸ್ತಾಳೆ, ಆ ಕಡೆ ತಿರುಗಿ ಮಲಗ್ತಾಳೆ. ನಾನೇ ಬೇಡವಾದ್ನೇನೋ ಅಂದ್ಕೊಂಡೆ."

ನಾನು ಯಾಯೆರಿಯ ಮುಖ ನೋಡಲು ಹೋಗಲಿಲ್ಲ.

ಜೊಂಡಿನೊಳಗಿನಿಂದ ಎಫುಲಾನ್ಸಿಯ ದನಿ ಬಂತು. ಈ ಸಲ ನನ್ನ ಮೂಲಕ ಯಾರಿಗೂ ಹೇಳಿಸಿದ್ದಲ್ಲ. "ಮಗಳು ಒಬ್ಬಳೇ ಇದಾಳೆ ಅಂತ ಕೂತೆ ನಾನು. ನಾನು ಕೂತಿದ್ದಕ್ಕೇ ಒಬ್ಬಳೇ ಆದ್ಳಾ?"

ಯಾಯೆರಿ ಕೋಲಿನಿಂದ ದೂರಕ್ಕೆ ತೋರಿಸಿದಳು. ಕೊಕ್ಕರೆಗಳೆರಡೂ ಹುತ್ತದ ಆಚೆ ನಿಂತು ನಮ್ಮ ಕಡೆಯೇ ನೋಡುತ್ತಿದ್ದವು. ಒಂದು ಮೇಯುವ ನಟನೆಯನ್ನೂ ಬಿಟ್ಟಿತ್ತು. "ಮೊಟ್ಟೆ ತಣ್ಣಗಾಗ್ತದೆ. ಎದ್ದೇಳಿ ಎಲ್ಲರೂ, ಮೊದಲು ಇಲ್ಲಿಂದ ಹೋಗೋಣ," ಎಂದಳು. "ಗೊನ್ಜಾಗಾ, ಕಣ್ಣು ಮುಚ್ಕೊಂಡು ನಡಿ. ಪೆರುಸಿ ಕೈ ಹಿಡೀತಾಳೆ."

ಕಣ್ಣು ಮುಚ್ಚಿದ ಅಳಿಯನ ಕೈ ಹಿಡಿದು ದಾಟಿಸಿದೆ. ಆಮೇಲೆ ಬಂದು ಅತ್ತೆಯನ್ನು ಕೆಸರಿನಿಂದ ಎಳೆದೆ. ಅವಳ ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ನಾವು ಅಂಗಳ ತಲುಪಿ ತಿರುಗಿ ನೋಡುವ ಹೊತ್ತಿಗೆ ಹೊನ್ನಿನ ಕಿರೀಟವೊಂದು ಗೂಡಿನ ಮೇಲೆ ಕೂತಿತ್ತು.

ಯಾಯೆರಿ ಆವತ್ತೇ ಜೊವಿಯಾಳ ಮನೆಗೆ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ನಡೆದದ್ದನ್ನೆಲ್ಲ ಹೇಳಿ, ಚಾಪೆಯ ಮೇಲೆ ಅವಳ ಎದುರಿಗೆ ಕೂತು, ಪಾಠ ಹೇಳುವ ದನಿಯಲ್ಲೇ ಹೇಳಿದಳು. "ಕೊನೇ ಪಾಠ ನಾನು ತಪ್ಪು ಕಲಿಸ್ದೆ ಮಗಳೇ. ಹೊತ್ತು ಮಾಡಿ ಬಂದ್ರೆ ಕೇಳು. ಜಗಳ ಮಾಡೋಕಲ್ಲ. ಸುಮ್ನೆ ಕೇಳು."

ಜೊವಿಯಾ ನಗುತ್ತಾ ಅತ್ತಳು. ಮಗುವೂ ಜೊತೆಗೆ ಅತ್ತಿತು. ಮಾವಿನ ಮರದ ಕೆಳಗಿನ ಬೈಕು ಆ ದಿನ ಬೆಳಕಿರುವಾಗಲೇ ಅಂಗಳಕ್ಕೆ ಬಂತು. ಅಂದಿನಿಂದ ಅವನು ತಿರುವಿನಲ್ಲಿ ಹಾರನ್ ಒತ್ತುತ್ತಾನೆ. ಎಫುಲಾನ್ಸಿ ಕೊಡೆ ಎತ್ತಿಕೊಂಡು ಹಿಂಬಾಗಿಲಿನಿಂದ, ತಲೆ ತಗ್ಗಿಸಿ, ಬಾಳೆಯ ತೋಟದೊಳಗೆ ಸದ್ದಿಲ್ಲದೆ ಜಾರಿಕೊಳ್ಳುತ್ತಾಳೆ. ದೂರ ಹೋಗಿ ತಲೆ ಎತ್ತಿ, ಏನೂ ಆಗದವಳ ಹಾಗೆ ನನ್ನ ಅಂಗಡಿಗೆ ಬಂದು ಮರಗೆಣಸು ಕೇಳುತ್ತಾಳೆ. "ಕೊಕ್ಕರೆ ಬೆಡಗಿಗೆ ಸೇರ್ಕೊಂಡ್ಯಾ?" ಎಂದರೆ ಅವಳಿಗೆ ಸಿಟ್ಟು.

ಮೊಟ್ಟೆಗಳು ಒಡೆದವು. ಕಂದುಹಳದಿ ತುಪ್ಪುಳದ ಮರಿಗಳು ಮರುದಿನವೇ ಗೂಡಿಳಿದು ತಾಯಿತಂದೆಯ ಹಿಂದೆ ಕಾಲೆಳೆಯುತ್ತಾ ಹುಲ್ಲಿಗೆ ನಡೆದವು. ಅವುಗಳ ಬಾಯಿಗೆ ಬಿದ್ದ ಮೊದಲ ತುತ್ತು ನನ್ನ ಬೆಡಗಿನವರೇ. ನಾನು ಬೈಯಬೇಕೆಂದು ಬಾಯಿ ತೆರೆದೆ. ಯಾಯೆರಿ ಕೇಳಿಸಿಕೊಳ್ಳುತ್ತಿರಲಿಲ್ಲ.

"ನಾನೂ ಕೇಳಿರ್ಲಿಲ್ಲ ಪೆರುಸಿ," ಎಂದಳು.

ಏನನ್ನು, ಯಾರನ್ನು ಎಂದು ನಾನು ಕೇಳಲಿಲ್ಲ.

ಗೆಡ್ಡೆಯಲ್ಲಿ ಕೊಳೆತದ್ದು ಹೋಗಿ ಉಳಿದದ್ದನ್ನು ಕಿತ್ತ ಮೇಲೆ, ಒಂದು ಬೆಳಗ್ಗೆ ಗೊನ್ಜಾಗಾನ ಬೈಕು ನನ್ನ ಅಂಗಡಿ ಮುಂದೆ ನಿಂತಿತು. ಹಿಂದೆ ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು ಯಾಯೆರಿ ಕೂತಿದ್ದಳು. ಮದುವೆಗಳಿಗೆ ಮಾತ್ರ ಉಡುವ ಗೊಮೆಸಿ, ಕೈಯಲ್ಲಿ ಎಫುಲಾನ್ಸಿಯ ಕೆಂಪು ಕೊಡೆ. ಬೈಕು ಹತ್ತಿದ್ದು ಅದೇ ಮೊದಲು, ಹುಡುಗನ ಅಂಗಿಯನ್ನು ಹರಿಯುವ ಹಾಗೆ ಹಿಡಿದಿದ್ದಳು.

"ಎಲ್ಲಿಗೇ ಈ ಮೆರವಣಿಗೆ?"

"ಮಿತ್ಯಾನಕ್ಕೆ."

"ಯಾಕೆ? ಆ ಎರಿಫಾಜಿ ಬದುಕಿದಾನಾ?"

"ಇದಾನಂತೆ. ಗೊನ್ಜಾಗಾ ವಿಚಾರಿಸಿದಾನೆ. ಆ ಇನ್ನೊಬ್ಬಳು ತೀರಿಕೊಂಡ್ಳಂತೆ. ಇವನಿಗೆ ಕಣ್ಣು ಮಂಜಂತೆ." ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಇರೋಕೆ ಹೋಗ್ತಿಲ್ಲ ಕಣೆ, ಹಾಗೆ ನೋಡ್ಬೇಡ. ಒಂದು ಮಾತು ಕೇಳಿ ಬರ್ತೀನಿ."

ದಾರಿಗೆ ಎಂದು ಬಿಸಿ ಮರಗೆಣಸು ಎಲೆಯಲ್ಲಿ ಕಟ್ಟಿ ಕೊಟ್ಟೆ.

ಸಂಜೆ ಅವಳು ಮೈಕೈ ನೋವೆಂದು ನರಳುತ್ತಾ ಬೈಕಿಳಿದು, ನನ್ನ ಬೆಂಚಿನ ಮೇಲೆ ಕೂತಳು. ಮುಖದಲ್ಲಿ ಧೂಳು. ನಾನು ನೀರು ಕೊಟ್ಟೆ. ಊಟ ಕೊಟ್ಟೆ. ಸುಮ್ಮನಿರಲು ನೋಡಿದೆ, ನನ್ನಿಂದಾಗಲಿಲ್ಲ.

"ಕೇಳಿದ್ಯಾ?"

"ಕೇಳಿದೆ. ಆವಾಗೆಲ್ಲ ಯಾಕೆ ಹೊತ್ತು ಮಾಡಿ ಬರ್ತಿದ್ದೆ ಅಂತ."

"ಏನಂದ?"

ಅವಳು ಲೋಟದ ನೀರು ಪೂರ್ತಿ ಕುಡಿದು, ಲೋಟವನ್ನು ಬೆಂಚಿನ ಮೇಲೆ ಇಟ್ಟಳು.

"ದನಿಯಲ್ಲೇ ಗುರುತು ಹಿಡಿದ. ತುಂಬಾ ಹೊತ್ತು ಅತ್ತ. ಆಮೇಲೆ, ಆವತ್ತೇ ಯಾಕೆ ಕೇಳ್ಲಿಲ್ಲ ಯಾಯೆರಿ ಅಂದ."